ಮೇಷ್ಟ್ರ ಜಪ್ತಿ ಮಾಲು

"ನಿಮ್ಮ ಮೇಷ್ಟ್ರು ಕಳ್ಳರು ಕಣಮ್ಮ," ಎಂದರು ಮೇಷ್ಟ್ರ ಹೆಂಡತಿ. ಬಾಗಿಲಿಗೆ ಚಿಲಕ ಹಾಕಿ, ಕಿಟಕಿಯ ಪರದೆಯನ್ನೂ ಎಳೆದು, ಆಮೇಲೇ ಹೇಳಿದರು. ಮೇಷ್ಟ್ರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

ಫೋನ್ ಮಾಡಿದ ಕೂಡಲೇ ಓಡಿ ಬಂದು ಎದುರಿಗೆ ನಿಂತಿದ್ದವರು ಇಬ್ಬರು. ಒಬ್ಬ ಮೇಷ್ಟ್ರ ಆಂಬುಲೆನ್ಸಿನ ಡ್ರೈವರ್. ಇನ್ನೊಬ್ಬಳು ಅದೇ ಆಂಬುಲೆನ್ಸಿನಲ್ಲಿ ಆರು ವರ್ಷ ಅವರ ಕೈಕೆಳಗೆ ಪಳಗಿದ ಗಡಿಬಿಡಿ. ಆ ಹೆಸರಿಟ್ಟವರೂ ಮೇಷ್ಟ್ರೇ. ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ; ರೋಗಿಯ ಪಕ್ಕ ಕೂತು, ಹೋಗುವ ಜೀವವನ್ನು ಆಸ್ಪತ್ರೆಯ ಬಾಗಿಲವರೆಗೆ ಹಿಡಿದಿಟ್ಟುಕೊಳ್ಳುವ ಕೆಲಸ ಅವರದು. ಕಿಡ್ನಿ ಕೈಕೊಟ್ಟ ಮೇಲೂ ಐದು ವರ್ಷ, ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಂಡು, ಉಳಿದ ದಿನ ಡ್ಯೂಟಿಗೆ ಬಂದು ಎಲ್ಲರನ್ನೂ ಗೋಳು ಹೊಯ್ದುಕೊಂಡ ಮಹಾನುಭಾವರು.

"ಸ್ವೆಟರ್ ಇರಬೇಕು ಅಂತ ಮಂಚದ ಕೆಳಗಿನ ಸೂಟ್‌ಕೇಸ್ ತೆಗೆದೆ. ನೋಡಿ, ನೀವೇ ನೋಡಿ!"

ಒಳಗೆ ಹನ್ನೊಂದು ಕತ್ತರಿ, ನಾಲ್ಕು ಟಾರ್ಚು, ಬ್ಯಾಂಡೇಜ್ ಸುರುಳಿಗಳು, ಬಿ.ಪಿ. ನೋಡುವ ಯಂತ್ರದ ರಬ್ಬರ್ ಉಂಡೆ, ಎರಡು ಥರ್ಮಾಮೀಟರು. ಎಲ್ಲದರ ಮೇಲೂ ಆಂಬುಲೆನ್ಸಿನ ನಂಬರು.

"ನಾಳೆ ಹತ್ತು ಗಂಟೆಗೆ ಆಫೀಸಿನವರು ಯೂನಿಫಾರ್ಮ್ ವಾಪಸ್ ತಗೊಳ್ಳೋಕೆ ಬರ್ತಾರೆ. ಇದು ಕಣ್ಣಿಗೆ ಬಿದ್ರೆ ಏನ್ ಗತಿ? ಮೂವತ್ತೊಂದು ವರ್ಷ ಸಂಸಾರ ಮಾಡಿ ಕೊನೆಗೆ ಕಳ್ಳನ ಹೆಂಡ್ತಿ ಅನ್ನಿಸ್ಕೋಬೇಕಾ?" ಅವರು ಸೂಟ್‌ಕೇಸನ್ನು ಡ್ರೈವರ್ ಕಡೆ ತಳ್ಳಿದರು. "ನಿಮ್ಮ ಗಾಡೀಲಿ ಹಾಕ್ಕೊಂಡು ಹೋಗಿ ಎಲ್ಲಾದ್ರೂ ಎಸೆದುಬಿಡಿ. ಸೈರನ್ ಹಾಕ್ಕೊಂಡು ಹೋದ್ರೆ ಯಾರೂ ನಿಲ್ಲಿಸಲ್ಲ."

"ಅತ್ತಿಗೆ, ಕಳ್ಳತನದಲ್ಲಿ ನೀವು ಅಣ್ಣನಿಗಿಂತ ಪಕ್ಕಾ ಇದ್ದೀರಿ," ಎಂದ ಡ್ರೈವರ್.

ಗಡಿಬಿಡಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಇದು ಕಳ್ಳಮಾಲಲ್ಲ. ಜಪ್ತಿ ಮಾಲು!"

ಮೇಷ್ಟ್ರ ಪರೀಕ್ಷೆ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಗಾಡಿ ಹೊರಡುವ ಮುಂಚೆ ಚಿಕಿತ್ಸೆಯ ಬ್ಯಾಗಿನಿಂದ ಏನಾದರೊಂದನ್ನು ಮೆಲ್ಲಗೆ ಎಗರಿಸಿ, ಏನೂ ಅರಿಯದವರಂತೆ ನಿಲ್ಲುವರು. ಸಾಮಾನು ಎಣಿಸುವವರು ಅದನ್ನು ಕಂಡುಹಿಡಿದರೆ ಸರಿ. ಇಲ್ಲದಿದ್ದರೆ ಅದು ಜಪ್ತಿ. ಬ್ಯಾಗಿಗೆ ತಮ್ಮ ಕೈದುಡ್ಡಿನಿಂದಲೇ ಹೊಸದು ತಂದಿಟ್ಟು, ಇಡೀ ದಿನ ಮಂಗಳಾರತಿ ಮಾಡುವರು. ಹಳೆಯದು ಸ್ಟೋರಿಗೆ ಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ನೋಡಿದರೆ ಒಂದೊಂದರ ಮೇಲೂ ಪ್ಲಾಸ್ಟರ್ ಪಟ್ಟಿ ಅಂಟಿಸಿ, ತಾರೀಖು ಬರೆದು, ಜೋಪಾನವಾಗಿ ಎತ್ತಿಟ್ಟಿದ್ದಾರೆ ಆಸಾಮಿ!

ಡ್ರೈವರ್ ಒಂದೊಂದೇ ಎತ್ತಿ ಓದತೊಡಗಿದ. "'ಗಡಿಬಿಡಿ. ಕತ್ತರಿ. ನೂರಕ್ಕೆ ಸೊನ್ನೆ.' 'ಗಡಿಬಿಡಿ. ಟಾರ್ಚು. ಎಣಿಸುವ ಹೊತ್ತಲ್ಲಿ ಫೋನಿನಲ್ಲಿ ಹರಟೆ.' 'ಗಡಿಬಿಡಿ. ಮತ್ತೆ ಕತ್ತರಿ. ಈ ಜನ್ಮಕ್ಕೆ ಬುದ್ಧಿ ಬರಲ್ಲ.' ಏನ್ ತಾಯಿ, ಅರ್ಧ ಸೂಟ್‌ಕೇಸು ನಿಂದೇ!"

"ಕಿಸೀಬೇಡ. ತಳದಲ್ಲಿರೋ ಆ ಪಾನಾ ಯಾರದ್ದು?"

ಡ್ರೈವರ್ ಪಾನಾ ಎತ್ತಿ ನೋಡಿದ. ಗಾಡಿಯ ಚಕ್ರ ಬಿಚ್ಚುವ ಪಾನಾ. 'ಡ್ರೈವರ್. ಹೊಸದು ಇಟ್ಟಿದ್ದೇನೆ. ತೆಗೆದದ್ದು ನಾನು ಅಂತ ಇನ್ನೂ ಗೊತ್ತಾಗಿಲ್ಲ.' ಅವನ ಬಾಯಿ ಹಾಗೇ ತೆರೆದುಕೊಂಡಿತು. "ಅಯ್ಯೋ ಅಣ್ಣಾ! ಮಾಯವಾದ ಪಾನಾ ಮತ್ತೆ ಬಂತಲ್ಲ, ಆ ಮೆಕ್ಯಾನಿಕ್ಕೇ ಕದ್ದು ಹೆದರಿ ವಾಪಸ್ ಇಟ್ಟ ಅಂತ ಅವನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತಲ್ಲೋ!"

ಮೇಷ್ಟ್ರ ಹೆಂಡತಿ ಮಂಚದ ಮೇಲೆ ಕುಸಿದು ಕೂತರು. "ಅಂದ್ರೆ ಸ್ಟೋರಲ್ಲಿ ಏನೂ ಕಡಿಮೆ ಆಗಿಲ್ಲ?"

"ಒಂದು ಹತ್ತಿ ಉಂಡೆ ಕೂಡ ಕಡಿಮೆ ಆಗಿಲ್ಲಮ್ಮ."

"ಅದಕ್ಕೇನಾ ಆವಾಗಾವಾಗ ಮೆಡಿಕಲ್ ಶಾಪಿಂದ ಹೊಸ ಕತ್ತರಿ ತರ್ತಿದ್ದಿದ್ದು! ಮನೆ ಕತ್ತರಿ ಮೊಂಡಾಗಿದೆ ಅಂತ ನಾನು ಬಾಯಿ ಬಡ್ಕೊಂಡ್ರೂ ಒಂದು ಕೊಡ್ಲಿಲ್ಲ, ಪಾಪಿ!" ಎಂದು ಹಣೆ ಚಚ್ಚಿಕೊಂಡು ನಕ್ಕರು. ಇಪ್ಪತ್ತು ದಿನದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಗಡಿಬಿಡಿ ತಾರೀಖುಗಳನ್ನು ಜೋಡಿಸಿ ನೋಡಿದಳು. ಒಂದೂವರೆ ವರ್ಷದಿಂದ ಈಚೆಗೆ ಅವಳದೊಂದೂ ಇರಲಿಲ್ಲ. "ನೋಡಿದ್ಯಾ? ಬುದ್ಧಿ ಬಂತು!" ಎಂದು ಡ್ರೈವರಿಗೆ ಜಂಬದಿಂದ ತೋರಿಸುತ್ತಲೇ ಮುಚ್ಚಳದ ಜೇಬಿಗೆ ಕೈ ಹಾಕಿದಳು. ಒಂದು ರಬ್ಬರ್ ಪಟ್ಟಿ ಸಿಕ್ಕಿತು. ಸೂಜಿ ಚುಚ್ಚುವ ಮುಂಚೆ ತೋಳಿಗೆ ಬಿಗಿಯುತ್ತಾರಲ್ಲ, ಅದು. ಅಂಟಿಸಿದ ಪ್ಲಾಸ್ಟರ್ ಮೇಲಿನ ಅಕ್ಷರಗಳು ಸೊಟ್ಟಸೊಟ್ಟಗಿದ್ದವು. ತಾರೀಖು ಎರಡು ತಿಂಗಳ ಹಿಂದಿನದು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಮೇಷ್ಟ್ರಿಗೆ ಉಸಿರು ಕಟ್ಟಿಕೊಂಡು ಬಂದಿತ್ತು. ಅವತ್ತು ಮೇಷ್ಟ್ರು ಡ್ಯೂಟಿಯಲ್ಲಿರಲಿಲ್ಲ, ಸ್ಟ್ರೆಚರ್ ಮೇಲಿದ್ದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು, ಬದುಕಿ ಮನೆಗೆ ಬಂದಿದ್ದರು.

"ಏನು ಬರೆದಿದ್ದಾರಮ್ಮ? ನನ್ನ ಕನ್ನಡಕ ಇಲ್ಲ," ಎಂದರು ಮೇಷ್ಟ್ರ ಹೆಂಡತಿ.

ಗಡಿಬಿಡಿ ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದಳು. ಆ ಮನುಷ್ಯನ ಬೈಗುಳವನ್ನು ಇನ್ನೊಂದೇ ಒಂದು ಸಲ ಕೇಳಬೇಕು ಅನ್ನಿಸಿತು. ಓದಿದಳು. "'ಗಡಿಬಿಡಿ. ರಬ್ಬರ್ ಪಟ್ಟಿ. ಬ್ಯಾಗನ್ನು ನನ್ನ ಕೈಗೆ ಸಿಗುವಲ್ಲೇ ಬಿಟ್ಟು, ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು. ಫೇಲ್.'"

ಡ್ರೈವರ್ ಕಿಟಕಿಯ ಕಡೆ ತಿರುಗಿ ನಿಂತ. ಮೇಷ್ಟ್ರ ಹೆಂಡತಿ ರಬ್ಬರ್ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಸ್ವಲ್ಪ ಎಳೆದು ನೋಡಿ, ಮತ್ತೆ ಗಡಿಬಿಡಿಯ ಕೈಯಲ್ಲೇ ಇಟ್ಟರು.

"ಪೆನ್ ಇದ್ಯಾ? ಅದರ ಕೆಳಗೆ ನನ್ನ ಹೆಸರೂ ಬರಿಯಮ್ಮ. ಅವತ್ತು ಗಾಡೀಲಿ ಅವರ ಇನ್ನೊಂದು ಪಕ್ಕ ಕೂತು ಮುಖಾನೇ ನೋಡ್ತಿದ್ದೋಳು ನಾನೇ ಅಲ್ವಾ?"