ಪುಟದ ಅಂಚಿನ ಬೆರಳು

ಪರದೆಯ ಮೇಲೆ ಗಡಿಯಾರ ರಿಪೇರಿಯ ಹಳೆಯ ಪುಸ್ತಕದ ಪುಟವೊಂದು ತೆರೆದಿತ್ತು. ಅದರ ಅಂಚನ್ನು ಒತ್ತಿ ಹಿಡಿದಿದ್ದ ಸೊಟ್ಟ ಕಿರುಬೆರಳು ತನ್ನದೇ ಎಂದು ಕಂಡದ್ದೇ ಗ್ರಂಥಾಲಯದಲ್ಲಿ ಪುಸ್ತಕ ಸ್ಕ್ಯಾನ್ ಮಾಡುವವಳು ಪರದೆಯತ್ತ ಬಾಗಿದಳು. ಆ ಬೆರಳನ್ನು ಮುರಿದವನು ಅವಳ ಗಂಡ, ಗಡಿಯಾರ ರಿಪೇರಿಯವನು. ಅವನಿಗೆ ಸುಳಿವು ಕೊಡದೆ ಈ ಊರಿಗೆ ಬಂದು, ಹೆಸರು ಬದಲಿಸಿಕೊಂಡು ಅವಳು ಬದುಕಿದ್ದಳು. ಬಿಗಿ ಹೊಲಿಗೆಯ ಪುಸ್ತಕ ಮುಚ್ಚಿಕೊಳ್ಳದಂತೆ ಬೆರಳಿನಿಂದ ಒತ್ತುವುದು, ಆಮೇಲೆ ಚಿತ್ರದಿಂದ ಬೆರಳನ್ನು ಅಳಿಸುವುದು ಅವಳ ನಿತ್ಯದ ಕೆಲಸ. ಈ ಒಂದು ಪುಟ ಕಣ್ತಪ್ಪಿತ್ತು.

"ನೋಡಮ್ಮಾ, ಈಗ ಓದುಗರೇ ತಪ್ಪು ಹಿಡಿದು ಫೋನ್ ಮಾಡ್ತಾರೆ," ಎಂದರು ಗ್ರಂಥಪಾಲಕರು, ಹಿಗ್ಗಿನಿಂದ. ಪುಸ್ತಕಗಳನ್ನು ಅಂತರ್ಜಾಲದಲ್ಲಿ ಬೀಗವಿಲ್ಲದೆ ಇಡೀ ಜಗತ್ತಿಗೆ ಬಿಡಬೇಕೆಂದು ಅವರು ಸಭೆಯಲ್ಲಿ ವಾದಿಸಿದಾಗ ಮೊದಲು ಕೈ ಎತ್ತಿದವಳು ಇವಳೇ. "ಬಾಗಿಲು ತೆಗೆದಿಟ್ರೆ ಬರೀ ಗಾಳಿ ಬರಲ್ಲ ಸಾರ್," ಎಂದು ಗೊಣಗಿದ್ದವನು ರಟ್ಟು ಕಟ್ಟುವ ಅಜ್ಜ ಒಬ್ಬನೇ.

"ಫೋನ್ ಮಾಡಿದ್ದು ಯಾರು ಸಾರ್?" ಎಂದಳು ಅವಳು.

"ಯಾರೋ ಗಡಿಯಾರ ರಿಪೇರಿಯವರು, ನಿನ್ನೆ ಮಾಡಿದ್ರು. ಎಷ್ಟೋ ವರ್ಷದಿಂದ ಹುಡುಕ್ತಿದ್ರಂತೆ. ಕೊನೆಗೂ ಸಿಕ್ಕಿಬಿಡ್ತಲ್ಲ ಅಂತ ಒಂದೇ ಸಮ ನಗ್ತಿದ್ರು. ಆ ಬೆರಳು ಯಾರದು ಅಂತಾನೂ ಕೇಳಿದ್ರು."

"ನೀವು ಏನಂದ್ರಿ?" ಅವಳು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ನಮ್ಮ ಹುಡುಗೀದೇ, ಬಂದು ಮಾತಾಡ್ಸಿ ಅಂದೆ. ನಮ್ಮಲ್ಲಿ ಮುಚ್ಚಿಡೋದು ಏನಿದೆ?" ಅವರು ನಗುತ್ತಲೇ ಓದುವ ಕೋಣೆಯ ಬಾಗಿಲು ತೆರೆದರು. "ಪಾಪ, ಬೆಳಿಗ್ಗೆಯಿಂದ ಕಾಯ್ತಾ ಕೂತಿದಾರೆ."