ಒದೆಯುವ ಸನ್ಯಾಸಿ

ಸಂಜೆ ಆರಕ್ಕೆ ಮೊದಲೇ ವಿಪುಲ ಊಟಕ್ಕೆ ಕುಳಿತದ್ದನ್ನು ಕಂಡು ರಾಜಮತಿಯ ಎದೆ ಧಸಕ್ಕೆಂದಿತು. ಕತ್ತಲಾದ ಮೇಲೆ ಉಣ್ಣಬಾರದೆಂಬ ಜೈನ ಮನೆಯ ನೇಮವನ್ನು ಈ ಮಗ ಹದಿನಾರು ತುಂಬಿದಾಗಲೇ ಗಾಳಿಗೆ ತೂರಿದ್ದ. ರಾತ್ರಿ ಹನ್ನೊಂದಕ್ಕೆ ಗೋಬಿ ಗಾಡಿಯ ಮುಂದೆ ನಿಲ್ಲುತ್ತಿದ್ದವನು ಈಗ ಬೋಳಿಸಿದ ತಲೆ ಬಗ್ಗಿಸಿ, ತುಟಿ ಬಿಚ್ಚದೆ, ಉಪ್ಪಿಲ್ಲದ ಅನ್ನ ಉಣ್ಣುತ್ತಿದ್ದ. ಎದುರಿಗೆ ತಂಗಿ ಬ್ರಾಹ್ಮಿ, ಅಣ್ಣನಿಗೆ ಜೊತೆಯಾಗಲೆಂದು, ಅದೇ ಸಪ್ಪೆ ಅನ್ನ ಬಡಿಸಿಕೊಂಡಿದ್ದಳು.

ಎಲ್ಲಕ್ಕೂ ಕಾರಣ ಸಿನಿಮಾ. ವಿಪುಲ ಬೆಳಗಾವಿಯಲ್ಲಿ ಕರಾಟೆ ಕಲಿಸುವವನು. ಬೌದ್ಧ ಯೋಧ ಸನ್ಯಾಸಿಗಳ ಬಗ್ಗೆ ಯಾರೋ ತೆಗೆಯುತ್ತಿದ್ದ ಹೊಡೆದಾಟದ ಚಿತ್ರಕ್ಕೆ ಅವನೇ ನಾಯಕ. ಅಹಿಂಸೆಯನ್ನು ಉಳಿಸಲು ಈ ಸನ್ಯಾಸಿ ಎರಡೂವರೆ ತಾಸಿನಲ್ಲಿ ನೂರಾ ಎಂಟು ಮಂದಿಯನ್ನು ಒದೆಯುತ್ತಾನಂತೆ. ಶೂಟಿಂಗಿಗೆ ಮೊದಲು ಒಂದು ತಿಂಗಳು ನಿಜವಾದ ಸನ್ಯಾಸಿಯ ಹಾಗೆ ಬದುಕಬೇಕೆಂದು ನಿರ್ದೇಶಕರ ಅಪ್ಪಣೆ.

ಅಪ್ಪ ಬಾಪುಸಾಹೇಬರಿಗೆ ಅರಿವೆ ಅಂಗಡಿ, ಬಾಯಿ ತುಂಬ ಕುಹಕ. "ನಮ್ಮ ಮುನಿಗಳು ಇರುವಿ ಸತ್ತೀತಂತ ನೆಲಾ ಬಳದು ಕಾಲಿಡತಾರ. ನಿನ್ನ ಸನ್ಯಾಸಿ ಗ್ವಾಡಿ ಮ್ಯಾಲ ಓಡತಾನೇನು?" ಎಂದು ಕೇಳಿ, ತಾವೇ ನಕ್ಕು, ಕೈ ತೊಳೆದುಕೊಂಡರು.

ರಾಜಮತಿಗೆ ನಗು ಬರಲಿಲ್ಲ. ಅವಳ ತಂಗಿ ಪ್ರಮಿಳಾಳ ಮಗನೂ ಹೀಗೇ, ಎಂಟು ದಿನ ಸುಮ್ಮನೆ ನೋಡಿ ಬರುತ್ತೇನೆಂದು ಮುನಿಸಂಘದ ಹಿಂದೆ ಹೋದವನು, ದೀಕ್ಷೆ ಬೇಕೆಂದು ಹಟ ಹಿಡಿದ. ಹೆತ್ತವಳು ಒಪ್ಪದೆ ಆ ಸಂಘ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಪಾಪ, ನಾಲ್ಕು ಮಂದಿಯ ಮುಂದೆ ಬೇಡವೆನ್ನಲು ನಾಚಿ ಪ್ರಮಿಳಾ ಹ್ಞೂಂ ಅಂದುಬಿಟ್ಟಳು. ಈಗ ಮಂದಿಯೆದುರು ಹೆಮ್ಮೆ, ಬಚ್ಚಲಲ್ಲಿ ಅಳು. ತಾನು ಸತ್ತರೂ ಹ್ಞೂಂ ಅನ್ನುವವಳಲ್ಲ ಎಂದು ರಾಜಮತಿ ಅಂದೇ ನಿರ್ಧರಿಸಿದ್ದಳು.

ಈ ಸಲ ಅದೇ ಸಂಘ ಮಳೆಗಾಲದ ನಾಲ್ಕು ತಿಂಗಳ ಚಾತುರ್ಮಾಸಕ್ಕೆ ಬೆಳಗಾವಿಯ ಬಸದಿಯಲ್ಲೇ ಇಳಿದಿತ್ತು. ಮುನಿಗಳಿದ್ದರು, ಬಿಳಿ ಸೀರೆಯ ಸನ್ಯಾಸಿನಿ ಮಾತಾಜಿಯರಿದ್ದರು. ಮಗ ಕದ್ದುಮುಚ್ಚಿ ಅಲ್ಲಿಗೆ ಹೋಗುತ್ತಿರಬಹುದೆಂದು ರಾಜಮತಿ ಮಗಳನ್ನೇ ಬೇಹಿಗೆ ಬಿಟ್ಟಳು. ಬ್ರಾಹ್ಮಿ ಒಂದು ದಿನವೂ ಬೇಸರಿಸಲಿಲ್ಲ. ನಸುಕಿಗೇ ಎದ್ದು ಹೋಗಿ ಮಧ್ಯಾಹ್ನದವರೆಗೆ ಬಸದಿಯಲ್ಲಿ ಕಾವಲು ಕೂತು ಬರುತ್ತಿದ್ದಳು. ಕೊಲ್ಹಾಪುರದಿಂದ ಒಳ್ಳೆಯ ಸಂಬಂಧ ಬಂದಾಗಲೂ, ಅಣ್ಣನದೊಂದು ದಡ ಸೇರಲಿ, ಆಮೇಲೆ ನೋಡೋಣ ಎಂದಳು. ಇಂಥ ಮಗಳನ್ನು ಹೆರಲು ಪುಣ್ಯ ಬೇಕೆಂದು ರಾಜಮತಿ ಓಣಿಗೆಲ್ಲ ಸಾರಿದಳು.

"ಅಣ್ಣನ ಕಾಳಜಿ ಬಿಡವ್ವಾ," ಎನ್ನುತ್ತಿದ್ದಳು ಬ್ರಾಹ್ಮಿ. "ಅಂವ ಎಲ್ಲೂ ಹೋಗೂದಿಲ್ಲ."

ದೀಪಾವಳಿ ಮುಗಿಯಿತು. ಶೂಟಿಂಗು ಖಾನಾಪುರದಾಚೆಯ ಕಾಡಂಚಿನಲ್ಲಿ ಶುರುವಾಯಿತು. ಎಂಟು ದಿನವಾದರೂ ವಿಪುಲನ ಫೋನು ಬಂದ್. ಅಷ್ಟರಲ್ಲಿ, ಮುನಿಸಂಘ ನಾಳೆ ಬೆಳಿಗ್ಗೆ ಬಸದಿ ಬಿಟ್ಟು ಖಾನಾಪುರದ ದಾರಿ ಹಿಡಿದು ನಡೆಯಲಿದೆ ಎಂಬ ಸುದ್ದಿ ಬಂತು. ರಾಜಮತಿ ಮುಂದಿನದನ್ನು ತಾನೇ ಕೂಡಿಸಿಕೊಂಡಳು. ಸಂಘ ಬರುತ್ತದೆ, ಬೋಳು ತಲೆಯ ಮಗ ರಸ್ತೆಗಿಳಿಯುತ್ತಾನೆ, ಮುಗಿಯಿತು ಕತೆ. ಮಗಳನ್ನು ಕೂರಿಸಿಕೊಂಡು, ಬಾಡಿಗೆ ಕಾರಿನ ಬಸಲಿಂಗಪ್ಪನನ್ನು ಗದರಿಸುತ್ತ ಅತ್ತ ಓಡಿದಳು.

ಅಲ್ಲಿ ಮರದ ಕೆಳಗೆ ನಲವತ್ತು ಬೋಳು ತಲೆಗಳು ಸಾಲಾಗಿ ಧ್ಯಾನಕ್ಕೆ ಕೂತಿದ್ದವು. ಅವುಗಳಲ್ಲಿ ವಿಪುಲನಿಲ್ಲ. ರಾಜಮತಿ ಒಂದೊಂದೇ ಮುಖ ಬಗ್ಗಿ ನೋಡುತ್ತ ಸಾಲಿನ ಉದ್ದಕ್ಕೂ ಓಡಿದಳು. ಕೊನೆಗೆ ವ್ಯಾನಿನ ಹಿಂದೆ ಸಿಕ್ಕ. ಕಾವಿ ಮೊಣಕಾಲಿಗೆ ಏರಿತ್ತು, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಅರ್ಧ ಕಡಿದ ಕೋಳಿ ಕಾಲು. ಮೇಕಪ್ಪಿನ ಹುಡುಗಿ ಗಾಳಿ ಬೀಸುತ್ತಿದ್ದಳು.

ಮಗ ಕೆಟ್ಟಿದ್ದ, ಆದರೆ ಕಳೆದಿರಲಿಲ್ಲ. ರಾಜಮತಿಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಸಿಟ್ಟು ಬಂತು. ಅಪಾಯ ದಾಟಿದ ಮೇಲೆ ಯಾರಿಗೆ ತಾನೆ ಧೈರ್ಯ ಬರುವುದಿಲ್ಲ? ಇಡೀ ಯೂನಿಟ್ಟು ನೆರೆಯುವಂತೆ ಮಗನ ಚಳಿ ಬಿಡಿಸಿದಳು.

"ಖರೇ ಸನ್ಯಾಸಕ್ಕ ಹೊಂಟಿದ್ರ ನಾನ ಮುಂದ ನಿಂತು ಕಳಸತಿದ್ನಿ. ಈ ಸೋಗು ಯಾಕ? ನನ್ನ ಹೊಟ್ಟ್ಯಾಗ ಹುಟ್ಟಿದ್ದು ಒಂದರೆ ಆ ದಾರಿ ಹಿಡಿದ್ರ ನಾ ಅಡ್ಡ ಬರಾಕಿ ಅಲ್ಲ. ಜಿನೇಂದ್ರನ ಆಣಿ."

ನಲವತ್ತು ಬೋಳು ತಲೆಗಳು ಚಪ್ಪಾಳೆ ತಟ್ಟಿದವು. ನಿರ್ದೇಶಕರು ಮಾತು ಚೆನ್ನಾಗಿದೆಯೆಂದು ಬರೆದುಕೊಂಡರು. ವಿಪುಲ ಕೋಳಿ ಕಾಲನ್ನು ಕಾವಿಯೊಳಗೆ ಅಡಗಿಸಲು ಹೆಣಗುತ್ತಿದ್ದ.

"ಖರೇನವ್ವಾ?" ಎಂದಳು ಪಕ್ಕದಲ್ಲಿದ್ದ ಬ್ರಾಹ್ಮಿ.

"ಖರೇ ಅಂದ್ರ ಖರೇ. ಇಷ್ಟು ಮಂದಿ ಕೇಳ್ಯಾರ, ಸುಳ್ಳಾಡಲೇನು?"

ಮರಳುವಾಗ ರಾಜಮತಿಯ ಬಾಯಿಗೆ ಬಿಡುವಿಲ್ಲ. ಪ್ರಮಿಳಾಳ ಹಣೆಬರಹ ತನಗೆ ಬರಲಿಲ್ಲವೆಂದು ಹತ್ತು ಸಲ ಹೇಳಿದಳು. ಕೊಲ್ಹಾಪುರದವರಿಗೆ ಇವತ್ತೇ ಒಪ್ಪಿಗೆ ಕಳಿಸುವುದೆಂದಳು, ಮಂಟಪದ ಮಾತನ್ನೂ ಎತ್ತಿದಳು. ಬ್ರಾಹ್ಮಿ ಅವ್ವನ ಕೈ ಹಿಡಿದು ಕೂತಿದ್ದಳು. ದೇಸೂರ ದಾಟಿತು. ಬೆಳಗಾವಿಯ ಮನೆಗಳು ಕಾಣತೊಡಗಿದಾಗ ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಮುಂದಕ್ಕೆ ಬಾಗಿದಳು.

"ಬಸಲಿಂಗಪ್ಪಣ್ಣಾ, ಗಾಡಿ ಮನೀಗೆ ಬ್ಯಾಡ, ಬಸದಿಗೆ ತಗೋರಿ. ಅವ್ವ ಒಪ್ಪಿದ ದಿನಾನ ಸೇರಿಸಿಕೋತೀನಂತ ಮಾತಾಜಿ ನನಗ ಮಾತು ಕೊಟ್ಟಾರ."