ದಂತವೈದ್ಯರ ದಾನಿಗಳು

ಊರಿನ ಒಬ್ಬರೇ ಒಬ್ಬ ದಂತವೈದ್ಯರಾಗಿದ್ದವರು ಚುನಾವಣೆಗೆ ನಿಂತು ಶಾಸಕರಾದರು. ಗೆದ್ದ ಮೇಲೆ, ಪ್ರಚಾರಕ್ಕೆ ದೇಣಿಗೆ ಕೊಟ್ಟವರನ್ನೆಲ್ಲ ಮನೆಗೆ ಕರೆದರು. ಅವರಿಗೆ ಇದ್ದದ್ದು ಒಂದೇ ಭಯ: ಕೊಟ್ಟವರು ಈಗ ಏನು ಕೇಳುತ್ತಾರೋ! ಗುತ್ತಿಗೆಯನ್ನೋ ವರ್ಗಾವಣೆಯನ್ನೋ ಕೇಳಿದರೆ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಳ್ಳೆಯ ಹೆಸರು ಮಣ್ಣುಪಾಲು.

ಹೆಂಡತಿ ಗರಿಗರಿಯಾದ ಕೋಡುಬಳೆ ತಂದಿಟ್ಟರು. ಎಲ್ಲರೂ ಕಾಫಿ ಕುಡಿದರೇ ಹೊರತು ಕೋಡುಬಳೆಯನ್ನು ಯಾರೂ ಮುಟ್ಟಲಿಲ್ಲ. ಸಂಕೋಚವಿರಬೇಕು ಎಂದುಕೊಂಡರು ಶಾಸಕರು.

ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದವರು ಅಕ್ಕಿ ಗಿರಣಿಯ ಮಾಲೀಕರು. ಶಾಸಕರು ಅಳುಕುತ್ತಲೇ ಅವರನ್ನು ಕೇಳಿದರು: "ಹೇಳಿ ಯಜಮಾನ್ರೇ, ನನ್ನಿಂದ ಏನಾಗ್ಬೇಕು?"

"ಏನೂ ಬೇಡ ಡಾಕ್ಟ್ರೇ. ನೀವು ಬೆಂಗಳೂರಲ್ಲಿ ಆರಾಮಾಗಿದ್ರೆ ಸಾಕು."

ಶಾಸಕರು ನಿವೃತ್ತ ಮೇಷ್ಟ್ರ ಕಡೆ ತಿರುಗಿದರು. "ನಿಮಗೆ ಮೇಷ್ಟ್ರೇ?"

"ನಂಗೂ ಅಷ್ಟೇಯಪ್ಪ. ಐದು ವರ್ಷ ಈ ಕಡೆ ಚಿಂತೇನೇ ಬಿಟ್ಬಿಡು."

"ಮಂತ್ರಿಯಾದ್ರೆ ಇನ್ನೂ ಚೆಂದ," ಎಂದರು ಬಟ್ಟೆ ಅಂಗಡಿಯ ಅಮ್ಮ. "ಊರಿಗೆ ಬರೋಕೆ ಪುರುಸೊತ್ತೇ ಇರಲ್ಲ."

ಈ ಕಾಲದಲ್ಲೂ ಇಂಥ ನಿಸ್ವಾರ್ಥಿಗಳು! ಶಾಸಕರು ಎದ್ದು ನಿಂತು ಕೈಮುಗಿದರು.

"ನೀವು ಕೇಳ್ದಿದ್ರೂ ನಾನು ಋಣ ತೀರಿಸ್ಬೇಕಲ್ಲ. ಪ್ರತಿ ಭಾನುವಾರ ಬಂದು ಕ್ಲಿನಿಕ್ ತೆರೀತೀನಿ. ನಿಮ್ಮೆಲ್ಲರ ಹಲ್ಲೂ ನಾನೇ ನೋಡ್ತೀನಿ, ಪುಕ್ಕಟೆ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಿರಣಿ ಮಾಲೀಕರು ಎಡಗೆನ್ನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮೆಲ್ಲಗೆ ಎದ್ದರು.

"ಹಂಗಾದ್ರೆ ನಮ್ಮ ದುಡ್ಡು ವಾಪಸ್ ಕೊಟ್ಬಿಡಿ, ಡಾಕ್ಟ್ರೇ."